ಎಪ್ಪತ್ತಮೂರನೆಯ ಡಬ್ಬಿ

"ಎಪ್ಪತ್ತಮೂರು," ಎಂದು ಅನಸೂಯ ಮೇಡಂ ಪಟ್ಟಿ ನೋಡಿ ಓದಿದಾಗ, ಫ್ರೀಜರಿನೊಳಗೆ ಕೈ ಹಾಕಿದ್ದ ಲ್ಯಾಬಿನ ಸಹಾಯಕ ಚಿನ್ನಸ್ವಾಮಿ ಹಾಗೇ ನಿಂತುಬಿಟ್ಟ. ಆ ಸಂಖ್ಯೆಯ ಸೂಕ್ಷ್ಮಜೀವಿಯಿದ್ದ ಪುಟ್ಟ ಕೊಳವೆ ಕೈಗೆ ಸಿಕ್ಕಿತ್ತು. ಬೆರಳು ಮರಗಟ್ಟುವವರೆಗೂ ಅದನ್ನು ಹಿಡಿದುಕೊಂಡೇ ಇದ್ದು, ಆಮೇಲೆ ಹೊರತೆಗೆದು ಐಸ್ ತುಂಬಿದ ತಟ್ಟೆಯಲ್ಲಿ ಉಳಿದ ಹನ್ನೊಂದರ ಪಕ್ಕ ಇಟ್ಟ.

ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಎರಡು ವಾರದಿಂದ ಅವರಿಗೂ ಬಿಡುವಿರಲಿಲ್ಲ. ಹೊರದೇಶದ ದೊಡ್ಡ ಲ್ಯಾಬೊಂದು ಬಗೆಬಗೆಯ ಸೂಕ್ಷ್ಮಜೀವಿಗಳನ್ನು ನೂರರ ಲೆಕ್ಕದಲ್ಲಿ ಆರಿಸಿಕೊಂಡು, ಒಂದೊಂದರ ವಂಶವಾಹಿಯ ಪೂರ್ತಿ ಬರಹವಾದ ಜೀನೋಮನ್ನೂ ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಓದಲು ಹೊರಟಿತ್ತು. ಬೆಂಗಳೂರಿನ ಈ ಸಂಸ್ಥೆಯ ಸಂಗ್ರಹದಿಂದ ಹನ್ನೆರಡನ್ನು ಕೇಳಿದ್ದರು. ಅದರಲ್ಲೂ ಎಪ್ಪತ್ತಮೂರರ ಮೇಲೆ ಅವರಿಗೆ ಹೆಚ್ಚು ಆಸೆ. ದೊಡ್ಡಬಳ್ಳಾಪುರದ ಹತ್ತಿರ ರಾಜಘಟ್ಟದ ಶತಮಾನಗಳಷ್ಟು ಹಳೆಯ ಇಟ್ಟಿಗೆ ದಿಬ್ಬದಲ್ಲಿ, ಎರಡಡಿ ಆಳದ ಮಣ್ಣಿನಿಂದ ಬಂದದ್ದು ಎಂದು ದಾಖಲೆಯಲ್ಲಿತ್ತು. ಆ ಜಾಗದ ಅಳತೆ, ಫೋಟೊ ಎರಡೂ ಬೇಕೆಂದು ಬರೆದಿದ್ದರು.

"ನಾಳೆ ಜೀಪು ಸಿಗುತ್ತೆ. ಹೋಗಿ ಬಂದ್ಬಿಡೋಣ," ಎಂದರು ಮೇಡಂ. "ಅಗೆದ ಜಾಗ ನೆನಪಿದೆ ತಾನೆ ನಿಮಗೆ?"

ನೆನಪಿದೆ ಎಂದ ಚಿನ್ನಸ್ವಾಮಿ. ಆ ಮಾತೇನೋ ಸುಳ್ಳಲ್ಲ.

ಸಂಜೆ ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಯಲಹಂಕದವರೆಗೆ ನಿಂತೇ ಬಂದ. ಹನ್ನೆರಡು ವರ್ಷದಿಂದ ಅದೇ ಬಸ್ಸು, ಅದೇ ನಿಲ್ಲುವುದು. ಊರಿಗೆ ಹೋಗಲು ದೊಡ್ಡಬಳ್ಳಾಪುರದಲ್ಲಿಳಿದು ಮತ್ತೆ ನಾಲ್ಕು ಮೈಲಿ ಸೈಕಲ್ಲು ತುಳಿಯಬೇಕು. ಯಲಹಂಕ ದಾಟಿದ ಮೇಲೆ ಸೀಟು ಸಿಕ್ಕರೂ ಆವತ್ತು ಕೂರಲು ಮನಸ್ಸಾಗಲಿಲ್ಲ. ಕೂತರೆ ನಿದ್ದೆ ಬರುತ್ತಿತ್ತು, ನಿದ್ದೆಯಲ್ಲಿ ಏನು ಬರುತ್ತದೋ ಎಂದು ಹೆದರಿಕೆ.

ತೊಂಬತ್ತೆಂಟನೇ ಇಸವಿಯಲ್ಲಿ ಅವನಿನ್ನೂ ದಿನಗೂಲಿಯವನು. ಜಿಲ್ಲೆಯ ನೂರು ಕಡೆಯ ಮಣ್ಣು ತರಬೇಕೆಂದು ಆಗಿನ ದೊಡ್ಡ ಡಾಕ್ಟರು ನೂರು ತಗಡಿನ ಡಬ್ಬಿ, ಒಂದು ಸಲಿಕೆ, ಬರೆದಿಡಲು ಒಂದು ಪುಸ್ತಕ ಕೊಟ್ಟಿದ್ದರು. ಆ ಮಣ್ಣಿನಿಂದ ಬೆಳೆಸುವ ಜೀವಿಗೂ ಡಬ್ಬಿಯ ಸಂಖ್ಯೆಯೇ. ಹೊಸಕೋಟೆ, ದೇವನಹಳ್ಳಿ, ನೆಲಮಂಗಲ ಎಲ್ಲ ಬಸ್ಸಿನಲ್ಲೇ ಸುತ್ತಿ ತೊಂಬತ್ತೊಂಬತ್ತು ಡಬ್ಬಿ ತುಂಬಿಸಿದ್ದ. ಎಪ್ಪತ್ತಮೂರು ಬಾಕಿ. ಮಧ್ಯದಲ್ಲೊಮ್ಮೆ ಅದಕ್ಕೆಂದು ರಾಜಘಟ್ಟಕ್ಕೆ ಹೋಗಿ, ಮಳೆ ಹಿಡಿದು ಬರಿಗೈಯಲ್ಲಿ ವಾಪಸಾಗಿದ್ದ. ಸೋಮವಾರಕ್ಕೆ ಎಲ್ಲವೂ ಬರದಿದ್ದರೆ ಬೇರೆಯವನನ್ನು ನೋಡಿಕೊಳ್ಳುತ್ತೇನೆ ಎಂದು ಡಾಕ್ಟರು ಹೇಳಿದ್ದರು. ಶುಕ್ರವಾರ ಬೆಳಿಗ್ಗೆ ಹೊರಡುವ ಹೊತ್ತಿಗೆ ಹೆಂಡತಿ ಭಾಗ್ಯಮ್ಮನಿಗೆ ಎಂಟನೇ ತಿಂಗಳಿಗೇ ನೋವು ಬಂತು. ಮಗು ಉಸಿರಿಲ್ಲದೆ ಹುಟ್ಟಿತು. ಸೂಲಗಿತ್ತಿ ಅದನ್ನು ಬಟ್ಟೆಯಲ್ಲಿ ಸುತ್ತಿ ಹಿತ್ತಿಲ ಬಾಗಿಲಿನಿಂದ ಅವನ ಕೈಗೆ ಕೊಟ್ಟಳು. ತಾಯಿಗೆ ತೋರಿಸಬಾರದು, ಕನಸಿಗೆ ಬರುತ್ತದೆ ಎಂದಳು.

ಅವನು ಒಬ್ಬನೇ ಹೊಲಕ್ಕೆ ಹೋದ. ಮನೆಯ ಸಲಿಕೆ ಯಾರೋ ಕೇಳಿಕೊಂಡು ಹೋಗಿದ್ದರು. ಹೆಗಲ ಚೀಲದಲ್ಲಿ ಸಂಸ್ಥೆಯ ಸಲಿಕೆಯಿತ್ತು, ಅದರಲ್ಲೇ ಹೊಂಗೆ ಮರದ ಬುಡದ ಬದುವಿನಲ್ಲಿ ಅಗೆದ. ಚೀಲದಲ್ಲಿ ಡಬ್ಬಿಯೂ ಇತ್ತು. ಆ ಹೊತ್ತಿನಲ್ಲಿ ಏನು ಯೋಚಿಸಿದನೋ ಅವನಿಗೇ ಗೊತ್ತಿಲ್ಲ. ಗುಂಡಿಯ ತಳದಿಂದ ಒಂದು ಹಿಡಿ ಮಣ್ಣು ತೆಗೆದು ಡಬ್ಬಿಗೆ ಹಾಕಿದ. ಆಮೇಲೆ ಮಗುವನ್ನು ಮಲಗಿಸಿದ. ಭಾನುವಾರ ಪುಸ್ತಕದಲ್ಲಿ ರಾಜಘಟ್ಟ, ಎರಡಡಿ ಎಂದು ಬರೆದ. ಆಳ ಮಾತ್ರ ನಿಜ.

ಬಸ್ಸಿಳಿದು, ಸೈಕಲ್ಲು ತುಳಿದು ಮನೆಗೆ ಬಂದರೆ ಭಾಗ್ಯಮ್ಮ ಮುದ್ದೆ ಕಟ್ಟುತ್ತಿದ್ದಳು, ಮಗಳು ಶಾಲೆಯ ಪುಸ್ತಕ ಹರಡಿಕೊಂಡು ಕೂತಿದ್ದಳು. ಯಾಕೆ ಹಿಂಗವ್ರೆ ಎಂದು ಹೆಂಡತಿ ಮಗಳನ್ನು ಕೇಳಿದಳು, ಅವನನ್ನು ಕೇಳಲಿಲ್ಲ. ಒಂಬತ್ತು ವರ್ಷದಿಂದ ಆ ಶುಕ್ರವಾರದ ಬಗ್ಗೆ ಗಂಡ ಹೆಂಡತಿ ಇಬ್ಬರೂ ಒಂದು ಮಾತೂ ಆಡಿರಲಿಲ್ಲ.

ಮಾರನೆಯ ದಿನ ಜೀಪು ದೊಡ್ಡಬಳ್ಳಾಪುರ ಮುಟ್ಟಿದಾಗ ಚಿನ್ನಸ್ವಾಮಿ ಟೀ ಕುಡಿಯೋಣ ಎಂದ. ಡ್ರೈವರು ಲೋಟ ಹಿಡಿದುಕೊಂಡು ಬೀಡಿ ಹಚ್ಚಲು ಆಚೆ ಹೋದ. ರಸ್ತೆಯುದ್ದಕ್ಕೂ ಮನೆಗಳ ಒಳಗಿನಿಂದ ಮಗ್ಗದ ಸದ್ದು ಬರುತ್ತಿತ್ತು.

"ಅದು ರಾಜಘಟ್ಟದ್ದಲ್ಲ ಮೇಡಂ," ಎಂದ.

ಅವರು ಮೊದಲು ಅರ್ಥವಾಗದವರಂತೆ ನೋಡಿದರು. ಆಮೇಲೆ ಟೀ ಲೋಟವನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟರು.

"ಅದರ ಮೇಲೆ ನಾನು ಪೇಪರ್ ಬರ್ದಿದೀನಿ, ಚಿನ್ನಸ್ವಾಮಿ. ಐದು ವರ್ಷ ಆಯ್ತು. ನನ್ನ ಹೆಸರಿದೆ ಅದರಲ್ಲಿ."

ಗೊತ್ತು ಎಂದ. ಆ ಪೇಪರು ಅಚ್ಚಾಗಿ ಬಂದ ದಿನ ಮೇಡಂ ಎಲ್ಲರಿಗೂ ಮೈಸೂರುಪಾಕು ಹಂಚಿದ್ದರು, ಅವನೂ ತಿಂದಿದ್ದ. ಆವತ್ತೇ ಹೇಳಬಹುದಿತ್ತು. ಹೇಳದೆ ಬಿಟ್ಟದ್ದು ಒಂದು ದಿನ, ಒಂದು ತಿಂಗಳು, ಕೊನೆಗೆ ಇಷ್ಟು ವರ್ಷವಾಗಿತ್ತು. ಮತ್ತೆ ಎಲ್ಲಿಯದು ಎಂದು ಅವರು ಗಡಸಾಗಿ ಕೇಳಿದರು. ಅವನು ನೆಲ ನೋಡುತ್ತಾ ಎಲ್ಲವನ್ನೂ ಹೇಳಿದ. ಹೇಳಿ ಮುಗಿಸಿದಾಗ ಮೇಡಂ ತಣ್ಣಗಾಗಿದ್ದ ಟೀ ಚೆಲ್ಲಿ, ಡ್ರೈವರನ್ನು ಕರೆದು, ರಾಜಘಟ್ಟ ಬೇಡ, ಚಿನ್ನಸ್ವಾಮಿಯವರ ಊರಿಗೆ ನಡಿ ಎಂದರು.

ಹೊಲದಲ್ಲಿ ರಾಗಿ ಕಟಾವಾಗಿತ್ತು. ಮೇಡಂ ಹೊಂಗೆ ಮರದಿಂದ ನಾಲ್ಕು ಹೆಜ್ಜೆ ಈಚೆಗೇ ನಿಂತರು. ತಂದಿದ್ದ ಸಲಿಕೆಯನ್ನು ಜೀಪಿನಿಂದ ಇಳಿಸಲೂ ಇಲ್ಲ. ಮರದಿಂದ ಬದುವಿಗೆ ಎಷ್ಟು ದೂರ, ಮಣ್ಣು ಕೆಂಪೋ ಮರಳೋ, ಆ ವರ್ಷ ಏನು ಬಿತ್ತಿದ್ದು ಎಂದು ಕೇಳಿ ಕೇಳಿ ಬರೆದುಕೊಂಡರು. ಫಾರಂನಲ್ಲಿ ಮಣ್ಣು ತೆಗೆದವರ ಹೆಸರಿಗೆಂದು ಒಂದು ಕಡೆ ಜಾಗವಿತ್ತು. ಹಳೆಯ ದಾಖಲೆಯಲ್ಲಿ ಅಲ್ಲಿ ದೊಡ್ಡ ಡಾಕ್ಟರ ಹೆಸರಿತ್ತು. ಮೇಡಂ ಅವನ ಹೆಸರು ಬರೆದು, ಇನಿಷಿಯಲ್ ಏನು ಎಂದು ಕೇಳಿದರು.

ಅಷ್ಟರಲ್ಲಿ ಭಾಗ್ಯಮ್ಮ ಮೆದೆಯ ಕಡೆಯಿಂದ ಬಂದಳು. ಅವಳು ಜೀಪು ನೋಡಿದಳು, ಮೇಡಂ ಅವರನ್ನು ನೋಡಿದಳು, ಗಂಡ ನಿಂತಿದ್ದ ಜಾಗ ನೋಡಿದಳು. ಮೇಡಂಗೆ ಮಜ್ಜಿಗೆ ಕೊಡ್ತೀನಿ, ಮನೆಗೆ ಬನ್ನಿ ಎಂದು ಕರೆದಳು. ಅವರು ಮಜ್ಜಿಗೆ ಕುಡಿದು ಹೊರಟ ಮೇಲೆ ಲೋಟ ತೊಳೆಯುತ್ತಾ, ತಲೆಯೆತ್ತದೆ ಕೇಳಿದಳು:

"ಅಲ್ಲೇನಾ?"

"ಹೂಂ."

"ನಾನು ಬೇವಿನ ಮರದ ತಾವ ಅಂದ್ಕಂಡಿದ್ದೆ. ಇಷ್ಟು ದಿನ ಅಲ್ಲಿಗೇ ಹೋಗಿ ಕುಂತ್ಕಂತಿದ್ದೆ."

ಆವತ್ತು ಅವನು ಡಬ್ಬಿಯ ವಿಷಯವನ್ನೂ ಹೇಳಿದ. ಮಗು ಹೆಣ್ಣು ಎಂಬುದನ್ನೂ ಹೇಳಿದ. ಆ ಮಣ್ಣಿನಿಂದ ಏನೋ ಒಂದು ಸಣ್ಣ ಜೀವ ಬೆಳೆದಿದೆ, ಅದನ್ನು ಇಷ್ಟು ವರ್ಷ ತಾನೇ ನೋಡಿಕೊಂಡಿದ್ದೇನೆ ಎಂದ. ಭಾಗ್ಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಹಸುವಿಗೆ ಹುಲ್ಲು ಹಾಕಲು ಎದ್ದುಹೋದಳು.

ಸಂಸ್ಥೆಯಲ್ಲಿ ಆಗಬೇಕಾದದ್ದೆಲ್ಲ ಆಯಿತು. ಮೇಡಂ ಆ ಪೇಪರು ಅಚ್ಚಾಗಿದ್ದ ಪತ್ರಿಕೆಗೆ ತಿದ್ದುಪಡಿ ಬರೆದರು. ಡೈರೆಕ್ಟರು ಅವರನ್ನು ಒಳಗೆ ಕೂರಿಸಿಕೊಂಡು ಒಂದು ಗಂಟೆ ಮಾತಾಡಿದರು, ಹೊರಬಂದಾಗ ಮೇಡಂ ಮುಖ ಬಿಳಿಚಿಕೊಂಡಿತ್ತು. ಅವನಿಗೆ ಮೆಮೊ ಬಂತು. ಸಂಗ್ರಹದ ಬೀಗದ ಕೈ ವಾಪಸು ಪಡೆದು ಗಾಜಿನ ಸಾಮಾನು ತೊಳೆಯುವಲ್ಲಿಗೆ ಹಾಕಿದರು. ಒಂದೂವರೆ ತಿಂಗಳ ನಂತರ ಹೊರದೇಶದ ಉತ್ತರ ಬಂತು. ಹನ್ನೊಂದನ್ನು ಓದಿಸುತ್ತೇವೆ, ಹನ್ನೆರಡನೆಯದು ಹೊಲದ ಮಣ್ಣಿನದಾದರೆ ಅಂಥವು ನಮ್ಮಲ್ಲಿ ಬೇಕಾದಷ್ಟಿವೆ ಎಂದಿದ್ದರು. ಮೇಡಂ ತೊಳೆಯುವ ಕೋಣೆಗೆ ತಾವೇ ಬಂದು ಇದನ್ನು ಹೇಳಿದರು. ಅವನ ಮೇಲೆ ಅವರಿಗಿದ್ದ ಸಿಟ್ಟು ಪೂರ್ತಿ ಹೋಗಿರಲಿಲ್ಲ, ಮಾತಿನಲ್ಲಿ ಗೊತ್ತಾಗುತ್ತಿತ್ತು. ಚಿನ್ನಸ್ವಾಮಿ ಸೋಪಿನ ಕೈಯಲ್ಲೇ ನಿಂತು ಕೇಳಿಸಿಕೊಂಡ. ಅವನಿಗೆ ಬೇಸರವೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ. ಅವರು ಹೋದ ಮೇಲೆ ಮುಂದಿನ ಕೊಳವೆ ತೊಳೆಯತೊಡಗಿದ.

ಅದನ್ನು ಮನೆಯಲ್ಲಿ ಹೇಳಿದಾಗ ಭಾಗ್ಯಮ್ಮ ಕೇಳಿದ್ದು ಒಂದೇ. "ನನ್ನ ಅದಿರೋ ತಾವಕ್ಕೆ ಒಂದ್ಸಲ ಕರ್ಕಂಡೋಗ್ತೀಯಾ?"

ಶನಿವಾರ ಅರ್ಧ ದಿನದ ಕೆಲಸ. ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಮೇಡಂ ಲ್ಯಾಬಿನಲ್ಲಿ ಇವರಿಬ್ಬರಿಗಾಗಿ ಕಾದಿದ್ದರು. ಭಾಗ್ಯಮ್ಮ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು ಬಂದಳು, ಬೇಡ ಎಂದರೂ ಕೇಳಲಿಲ್ಲ. ಮೇಡಂ ಬೆಚ್ಚನೆಯ ಪೆಟ್ಟಿಗೆಯಿಂದ, ಎಪ್ಪತ್ತಮೂರನ್ನು ಬೆಳೆಸಿದ್ದ ಪುಟ್ಟ ಗಾಜಿನ ತಟ್ಟೆಯನ್ನು ತೆಗೆದು, ಮುಚ್ಚಳ ಮಾತ್ರ ತೆಗೆಯಬೇಡಿ ಎಂದು ಅವಳ ಕೈಗೆ ಕೊಟ್ಟರು. ಒಳಗೆ ಸಣ್ಣ ಸಣ್ಣ ಚುಕ್ಕೆಗಳು ಸೀಮೆಸುಣ್ಣದ ಪುಡಿ ಮೆತ್ತಿದಂತೆ ಬೆಳ್ಳಗಿದ್ದವು. ಅಂಚಿನಲ್ಲಿ ತುಸು ಹಳದಿ.

ಭಾಗ್ಯಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಇದಕ್ಕೆ ಏನು ತಿನ್ನಕ್ಕೆ ಆಕ್ತೀರಿ?"

"ಗಂಜಿ," ಎಂದರು ಮೇಡಂ. "ಒಂಥರಾ ಗಂಜೀನೇ ಅದು. ಗಟ್ಟಿ ಮಾಡಿರ್ತೀವಿ."

ಭಾಗ್ಯಮ್ಮ ತಲೆಯಾಡಿಸಿದಳು. ಪಡುವಣ ಕಿಟಕಿಯ ಬಿಸಿಲು ಮೇಜು ದಾಟಿ ಗಾಜಿನ ಮೇಲೆ ಬೀಳುತ್ತಿತ್ತು. ಅವಳು ಒಂದು ಕೈಯಿಂದ ಸೆರಗಿನ ತುದಿ ಎಳೆದುಕೊಂಡು, ತಟ್ಟೆಗೆ ನೆರಳಾಗುವಂತೆ ಅಡ್ಡ ಹಿಡಿದು ನಿಂತಳು.