ಮೂರಕ್ಷರ ಬದಲಾದ ಹಾಡು

"ಮತ್ತ ನೀ ಲವ್ ಸಾಂಗ್ ಹಾಡೀದಿ ಅಂತ ನನಗ ಒಂದ ಮಾತ ಹೇಳ್ಲಿಲ್ಲ? ನಮ್ಮ ಅತ್ತಿ ಮಗಳು ಕಲಬುರ್ಗಿಂದ ಕಳಿಸ್ಯಾಳ. ಅಲ್ಲೀತನಾ ಮುಟ್ಟೇತಿ, ಬಾಜೂಕ ಕೂತಾಕಿಗೆ ಗೊತ್ತಿಲ್ಲ," ಎನ್ನುತ್ತ ಪ್ರಾಜಕ್ತಾ ತನ್ನ ಇಯರ್‌ಫೋನಿನ ಒಂದು ತುದಿಯನ್ನು ಸಲೋಮಿಯ ಕಿವಿಗೆ ತುರುಕಿದಳು.

ಶನಿವಾರದ ಮಧ್ಯಾಹ್ನ. ಕಾಲೇಜು ಮುಗಿಸಿ ಲಿಂಗಂಪಲ್ಲಿಯ ಲೋಕಲ್ ಹತ್ತಿದ ಗೆಳತಿಯರಿಗೆ ಅಪರೂಪಕ್ಕೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಕ್ಲಾಸಿನಲ್ಲಿ ತೆಲುಗು, ಕ್ಯಾಂಟೀನಿನಲ್ಲಿ ಹಿಂದಿ, ರೈಲಿನಲ್ಲಿ ಮಾತ್ರ ಇಬ್ಬರದೂ ಮನೆಯ ಕನ್ನಡ. ಲವ್ ಸಾಂಗ್, ಅದೂ ತಾನು? ಸಲೋಮಿ ನಗುತ್ತಲೇ ಕಿವಿಗೊಟ್ಟಳು. ಮೊದಲು ಅಣ್ಣ ಅರವಿಂದ್‌ನ ಗಿಟಾರು. ಆಮೇಲೆ ತನ್ನದೇ ದನಿ: ಕತ್ತಲಾತು, ದೀಪ ಸಣ್ಣದಾತು, ಬಾಗಿಲದಾಗ ನಿಂದ್ರು. ಇಷ್ಟಾದ ಮೇಲೆ 'ಯೇಸುವೇ' ಬರಬೇಕು. ಬರಲಿಲ್ಲ. ಒಂದು ಸಣ್ಣ ನಗು ಬಂತು, ಅದರ ಬೆನ್ನಿಗೇ 'ಗೆಳೆಯಾ' ಎಂಬ ಮಾತು.

"ಆ ನಗು ಕೇಳಿದೇನು? ಎಲ್ಲಾರೂ ಅದಕ್ಕ ಬಿದ್ದಾರ," ಎಂದಳು ಪ್ರಾಜಕ್ತಾ.

ಬಿದ್ದದ್ದು ನಿಜ. ಕನ್ನಡ ಬಾರದವರು ಕೂಡ ಫೋನಿನಲ್ಲಿ ಹಾಡಿನ ಕೆಳಗೆ ತೆಲುಗಿನಲ್ಲಿ 'ಆ ನವ್ವು ಚಾಲು' ಎಂದು ಬರೆದಿದ್ದರು. ಆ ನಗುವೊಂದೇ ಸಾಕಂತೆ. ಆ ಅದೃಷ್ಟವಂತ ಯಾರಮ್ಮಾ ಎಂದು ಇನ್ನೊಬ್ಬ ಕೇಳಿದ್ದ. ಪ್ರಾಜಕ್ತಾಳೂ ಮೊಣಕೈಯಿಂದ ತಿವಿದು ಅದನ್ನೇ ಕೇಳಿದಳು. ಸಲೋಮಿ ಇಯರ್‌ಫೋನ್ ಕಿತ್ತು ಅವಳ ಮಡಿಲಿಗೆ ಹಾಕಿದಳು.

ಆ ನಗು ಎಲ್ಲಿಯದು ಎಂದು ಅವಳಿಗೆ ಗೊತ್ತಿತ್ತು. ಹೋದ ತಿಂಗಳು ಮನೆಯ ಹಿಂದಿನ ಕೋಣೆಯಲ್ಲಿ, ರಸ್ತೆಯ ಸದ್ದು ಬರದಂತೆ ಕಿಟಕಿಗೆ ಕೌದಿ ಹೊದಿಸಿ, ಅಣ್ಣ ಅವಳ ಹಾಡನ್ನು ರೆಕಾರ್ಡ್ ಮಾಡಿದ್ದ. ಎಲ್ಲ ಮುಗಿದ ಮೇಲೆ ಮೈಕ್ ಟೆಸ್ಟ್ ಮಾಡುತ್ತೇನೆ, ಅದೇ ರಾಗದಲ್ಲಿ ಸುಮ್ಮನೆ 'ಗೆಳೆಯಾ' ಅನ್ನು ಎಂದಿದ್ದ. ಇನ್ನೊಂದು ಸಲ, ಸ್ವಲ್ಪ ಎಳೆದು, ಇನ್ನೂ ಮೆತ್ತಗೆ. ಕೌದಿ ಮುಚ್ಚಿದ ಕೋಣೆಯ ಸೆಕೆಗೆ ಬೆವರುತ್ತಾ ಅವಳು, ಯಾವ ಗೆಳೆಯನಪ್ಪಾ ಎಂದು ನಕ್ಕು ಹಾಡಿದ್ದಳು. ಎಲ್ಲ ಮುಗಿದ ಮೇಲೆ ಟೆಸ್ಟ್ ಯಾಕೆ ಎಂದು ಕೇಳಲು ಹೊಳೆದಿರಲಿಲ್ಲ. ಅಣ್ಣನಲ್ಲವೇ.

ಆ ಹಾಡು ಹುಟ್ಟಿದ್ದು ದವಾಖಾನೆಯ ಬೆಂಚಿನ ಮೇಲೆ. ಹೋದ ವರ್ಷ ಅಮ್ಮ ನಳಿನಿಗೆ ಆಪರೇಶನ್ ಆದಾಗ, ಮಂಪರಿನಲ್ಲಿ ಅವಳು ಮತ್ತೆ ಮತ್ತೆ ಅಂದದ್ದು ಇದೊಂದೇ: ಬಾಗಿಲದಾಗ ನಿಂದ್ರು ಯೇಸುವೇ. ಸಲೋಮಿ ಆ ಮಾತಿಗೆ ಹಿಂದೆ ಮುಂದೆ ನಾಲ್ಕು ಸಾಲು ಸೇರಿಸಿ, ಅಮ್ಮ ಕಣ್ಣು ಬಿಡುವವರೆಗೆ ಒಳಗೊಳಗೇ ಹಾಡಿಕೊಂಡಿದ್ದಳು.

ಬೀದರ್ ಕಡೆಯಿಂದ ಬಂದ ಕ್ರೈಸ್ತ ಕುಟುಂಬಗಳ ಪುಟ್ಟ ಕನ್ನಡ ಸಭೆ ಅವರದು. ತೆಲುಗಿನವರ ಆರಾಧನೆ ಶುರುವಾಗುವುದಕ್ಕಿಂತ ಮುಂಚೆ ಅದೇ ಚರ್ಚಿನಲ್ಲಿ ಇವರು ಕೂಡುತ್ತಿದ್ದರು. ಹಾರ್ಮೋನಿಯಂ ಹಿಡಿದು ಹಾಡಿಸುವ ಹಿರಿಯ ಅಮೃತಪ್ಪ, ದೇವರ ಹಾಡು ದೇವರ ಮನೆಯಲ್ಲೇ ಇರಬೇಕು, ಸಿನಿಮಾ ಹಾಡಿನ ಸಾಲಿನಲ್ಲಿ ನಿಂತರೆ ಅದರ ಹಾಗೆಯೇ ಆಗುತ್ತದೆ ಎನ್ನುವವರು. ಯುವಕರ ಕೂಟದಲ್ಲಿ ಅವರ ಎದುರು ಎದ್ದು ನಿಂತವಳು ಸಲೋಮಿ ಒಬ್ಬಳೇ. ಸಿಟಿ ಬಸ್ಸಿನಲ್ಲಿ ಹಾಡು ಕೇಳುವವನಿಗೂ ಕತ್ತಲಾಗುವುದಿಲ್ಲವೇ, ನಮ್ಮ ಹಾಡಿಗೆ ಗೋಡೆ ಯಾಕೆ ಎಂದು ವಾದಿಸಿದ್ದಳು. ಅಮೃತಪ್ಪ ಕೊನೆಗೆ ಒಪ್ಪಿದ್ದರು, ಯೇಸುವಿನ ಹೆಸರು ಬಿಡಬೇಡಿ ಎಂಬ ಒಂದೇ ಮಾತಿನ ಮೇಲೆ. ಅವಳು ಮಾತು ಕೊಟ್ಟಿದ್ದಳು. ನಾಳೆ, ಭಾನುವಾರ, ಮೊದಲು ಸಭೆಯಲ್ಲಿ ಹಾಡುವುದು, ಆಮೇಲೆ ಅಣ್ಣ ಅದನ್ನು ಹೊರಗೆ ಬಿಡುವುದು ಎಂದು ನಿಶ್ಚಯವಾಗಿತ್ತು.

ಮನೆಗೆ ಬಂದಾಗ ಅರವಿಂದ್ ಊಟಕ್ಕೆ ಕೂತಿದ್ದ. ಜೀಡಿಮೆಟ್ಲಾದ ಔಷಧಿ ಫ್ಯಾಕ್ಟರಿಯ ಬೆಳಗಿನ ಪಾಳಿ ಮುಗಿಸಿ ಬಂದವನು, ಅಂಗಿ ಕೂಡ ಬದಲಿಸಿರಲಿಲ್ಲ. ಕೋಣೆಯ ತುಂಬ ಗುಳಿಗೆಯ ವಾಸನೆ. ಅವಳನ್ನು ನೋಡಿದ್ದೇ ಅನ್ನದ ಕೈಯಲ್ಲೇ ಫೋನ್ ಎತ್ತಿ ತೋರಿಸಿದ. ನಿನ್ನೆ ಸಂಜೆ ಬಿಟ್ಟದ್ದಂತೆ. ಮ್ಯೂಸಿಕ್ ಕಂಪನಿಯ ಒಬ್ಬರು ನಾಳೆ ಬೆಳಿಗ್ಗೆಯೇ ಬಾ ಎಂದಿದ್ದಾರಂತೆ.

"ಮೈಕ್ ಟೆಸ್ಟ್ ಅಂದಿದ್ದಿ ನೀ," ಎಂದಳು ಸಲೋಮಿ.

"ಖರೇ ಹೇಳಿದ್ರ ಹಾಡ್ತಿದ್ದೇನು?"

"ಇಲ್ಲ."

"ಅದಕ್ಕ ಹೇಳ್ಲಿಲ್ಲ."

ಅವನಿಗೆ ನಾಚಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ತಂಗಿಗೆ ಲೆಕ್ಕ ಹೇಳಿಕೊಡುತ್ತಿದ್ದ ಕಾಲದ ಹಾಗೆ ತಾಳ್ಮೆಯಿಂದ ವಿವರಿಸಿದ. ಆ ಹೆಸರು ಇದ್ದರೆ ಹಾಡನ್ನು ಬೇರೆ ಕಪಾಟಿನಲ್ಲಿ ಇಡುತ್ತಾರೆ, ಕ್ರಿಸ್‌ಮಸ್ಸಿಗೊಮ್ಮೆ ಧೂಳು ಹೊಡೆದು ತೆಗೆಯುತ್ತಾರೆ. ಏಳು ವರ್ಷದಿಂದ ಸಭೆಯಲ್ಲಿ ಗಿಟಾರು ನುಡಿಸುತ್ತಿದ್ದೇನೆ, ಆ ಗೋಡೆಯ ಆಚೆ ಒಬ್ಬನಿಗೂ ನಾನಿದ್ದೇನೆಂದು ಗೊತ್ತಿಲ್ಲ. ರಾಗ ಅದೇ, ದನಿ ಅದೇ, ಮೂರೇ ಅಕ್ಷರ. ಕೊನೆಗೆ, "ಹಾಡು ಬ್ಯಾರೆ ಇರಬಾರದು ಅಂತ ಅಮೃತಪ್ಪ ಕಾಕಾನ ಮುಂದ ಜಗಳಾಡಿದಾಕಿ ನೀನ ಅಲ್ಲೇನು?" ಎಂದ.

"ಬ್ಯಾರೆ ಇರಬಾರದು ಅಂದೆ. ಆತನ್ನ ಮನ್ಯಾಗ ಬಿಟ್ಟ ಹೋಗೋಣು ಅಂದಿದ್ದಿಲ್ಲ."

ಅರವಿಂದ್ ಅಡುಗೆಮನೆಯ ಕಡೆ ನೋಡಿದ. ಆ ನೋಟದ ಹಿಂದೆಯೇ ಸಲೋಮಿಯೂ ತಿರುಗಿದಳು. ಅಮ್ಮ ಸಾರಿನ ಸೌಟು ಹಿಡಿದು ನಿಂತಿದ್ದಳು. ಏನಾಯಿತು ಎಂದು ಕೇಳುವವಳ ಮುಖ ಅದಲ್ಲ. ಎಲ್ಲ ಗೊತ್ತಿದ್ದವಳ ಮುಖ.

"ಯಾವಾಗಿಂದ ಗೊತ್ತವಾ ನಿನಗ?"

"ಅವಾ ಮೊದಲ ನನ್ನ ಕೇಳಿದಾ," ಎಂದಳು ನಳಿನಿ. "ಆ ಪ್ರಾರ್ಥನಿ ನಂದು. ನನ್ನ ಬಾಯಿಂದ ಬಂದದ್ದು. ನಾನ ಹ್ಞೂಂ ಅಂದೆ."

ಅಮ್ಮ ತಟ್ಟೆಗೆ ಸಾರು ಬಡಿಸುತ್ತಾ, ಎಷ್ಟು ದಿನ ಅಂತ ಮೈಗೆಲ್ಲ ಗುಳಿಗೆ ವಾಸನೆ ಹೊತ್ತುಕೊಂಡು ಬರಬೇಕು ಅವನು, ಯೇಸುವಿಗೆ ನನ್ನ ಮಗನ ಹೊಟ್ಟೆಯ ಕಷ್ಟ ತಿಳಿಯುವುದಿಲ್ಲವೇ, ಆತ ಅದಕ್ಕೆಲ್ಲ ಸಿಟ್ಟಾಗುವವನಲ್ಲ ಎಂದು ಮೆಲ್ಲಗೆ ಹೇಳುತ್ತಾ ಹೋದಳು. ಒಂದು ತಿಂಗಳು. ಈ ಒಂದು ತಿಂಗಳು ಸಲೋಮಿ ದಿನಾ ಸಂಜೆ ಇದೇ ಕೋಣೆಯಲ್ಲಿ ನಾಳಿನ ಹಾಡನ್ನು ಅಭ್ಯಾಸ ಮಾಡಿದ್ದಳು. ಅಮ್ಮ ಪಕ್ಕದಲ್ಲೇ ಕೂತು ಸೊಪ್ಪು ಸೋಸುತ್ತಾ ಕೇಳಿದ್ದಳು, 'ಯೇಸುವೇ' ಬಂದಾಗಲೆಲ್ಲ ತಲೆದೂಗಿದ್ದಳು.

"ಪ್ರಾರ್ಥನಿ ನಿಂದು," ಎಂದಳು ಸಲೋಮಿ. "ಹಾಡಿದಾಕಿ ನಾನು. ನನ್ನ ಯಾರೂ ಕೇಳ್ಲಿಲ್ಲ."

ಆಗಲೇ ಫೋನ್ ಬಂತು. ಅಮೃತಪ್ಪನವರದು. ಬೈಯುತ್ತಾರೆಂದು ಎದೆ ಗಟ್ಟಿ ಮಾಡಿಕೊಂಡಳು. ಅವರು ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು. ಹಾಡು ಸಭೆಯ ಎಲ್ಲರ ಫೋನಿಗೂ ತಲುಪಿದೆ, ನಾಳೆ ಅವಳು ಹಾಡುವುದು ಬೇಡ ಎಂದು ಹಿರಿಯರು ಅನ್ನುತ್ತಿದ್ದಾರೆ, ತಾನು ಮಾತ್ರ ನಂಬಿಲ್ಲ ಎಂದರು. ಈಗಿನ ಕಾಲದಲ್ಲಿ ಕಂಪ್ಯೂಟರಿನಲ್ಲೇ ಯಾರ ದನಿಯನ್ನಾದರೂ ಮಾಡುತ್ತಾರಂತಲ್ಲ, ಹಾಗೇನಾದರೂ ಆಗಿರಬೇಕು ಎಂದರು.

"ಆ ದನಿ ನಂದಲ್ಲ ಅಂತ ಒಂದ ಮಾತ ಅನ್ನವಾ. ನಾ ಅವರಿಗೆ ಹಂಗ ಹೇಳ್ತೀನಿ."

ಫೋನಿನ ದನಿ ಕೋಣೆಗೆಲ್ಲ ಕೇಳುತ್ತಿತ್ತು. ಅರವಿಂದ್ ಊಟ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದ. ಅಮ್ಮನೂ. ಹ್ಞೂಂ ಎಂದರೆ ಸಾಕಿತ್ತು, ನಾಳೆ ಹಾಡಬಹುದಿತ್ತು.

"ದನಿ ನಂದ ಐತ್ರಿ ಕಾಕಾ. ನಗೂನೂ ನಂದ."

ಅಮೃತಪ್ಪ, "ಹಂಗಾರ ನಾಳೆ ಆರೂವರಿಗೆ ಬಾ, ಸಭಾ ಕೂಡೂದಕ್ಕಿಂತ ಮೊದಲ. ಹಿರಿಯರು ಕುಂದರ್ತಾರ. ಹಾಡೂದು ಬಿಡೂದು ಆಮ್ಯಾಲೆ ನೋಡೋಣು," ಎಂದರು. ಅಣ್ಣನನ್ನೂ ಕರೆದುಕೊಂಡು ಬಾ ಎಂದರು. ಸಲೋಮಿ ಅಣ್ಣನ ಕಡೆ ನೋಡಿದಳು. ಅವನು ತಟ್ಟೆಯ ಕಡೆ ನೋಡಿ ಬರುವುದಿಲ್ಲವೆಂದು ತಲೆ ಅಲ್ಲಾಡಿಸಿದ, ಬೆಳಿಗ್ಗೆ ಕಂಪನಿಯವರು ಕಾಯುತ್ತಾರಲ್ಲ.

"ಆರೂವರಿಗೆ ಬರ್ತೀನ್ರಿ," ಎಂದಳು ಅವಳು. "ಒಬ್ಬಾಕಿನ."

ಫೋನ್ ಇಟ್ಟ ಮೇಲೆ ಅಮ್ಮ ಇಸ್ತ್ರಿಪೆಟ್ಟಿಗೆ ತಂದು, ನೆಲಕ್ಕೆ ಚಾದರ ಹಾಸಿ, ಮಗಳ ಬಿಳಿ ದುಪಟ್ಟಾ ಹರವಿ, ಬಟ್ಟಲಿನಿಂದ ನೀರು ಚಿಮುಕಿಸಿದಳು. ಅಂಚಿನಿಂದ ಅಂಚಿಗೆ ನಿಧಾನವಾಗಿ ಉಜ್ಜಿದಳು, ಮಡಚಿ ಕುರ್ಚಿಯ ಮೇಲಿಟ್ಟಳು. ಇಸ್ತ್ರಿ ಇನ್ನೂ ಬಿಸಿಯಾಗಿಯೇ ಇತ್ತು. ನಾಳೆ ಚರ್ಚಿಗೆ ಉಡಬೇಕಾದ ತನ್ನ ಸೀರೆಯನ್ನು ಅವಳು ಹೊರಗೆ ತೆಗೆಯಲಿಲ್ಲ.