ನಾಲ್ಕನೇ ಮಶೀನಿಗೆ ಎಡೆ

ಬೋರಮ್ಮ ಚನ್ನಪಟ್ಟಣದ ಹೆದ್ದಾರಿ ಪಕ್ಕದ ಸೈಬರ್ ಸೆಂಟರಿನ ಮೆಟ್ಟಿಲು ಹತ್ತಿ ಬಂದಾಗ ಅದನ್ನು ನಡೆಸುವ ಚೈತನ್ಯ ಯಾರದೋ ಬಯೋಡೇಟಾ ಟೈಪು ಮಾಡುತ್ತಿದ್ದ. ಹಾರೋಹಳ್ಳಿಯಲ್ಲಿ ಕಾರ್ಖಾನೆಗಳು ಒಂದರ ಹಿಂದೊಂದು ಬಾಗಿಲು ತೆರೆಯುತ್ತಿದ್ದ ವರ್ಷಗಳು ಅವು. ತಾಲೂಕಿನ ಅರ್ಧ ಗಂಡಸರಿಗೆ ಬಯೋಡೇಟಾ ಬೇಕಾಗಿತ್ತು, ಮತ್ತು ಅವರೆಲ್ಲರ ಹವ್ಯಾಸವೂ ಪುಸ್ತಕ ಓದುವುದೇ ಆಗಿತ್ತು.

ಅವಳು ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು, ದೇವಸ್ಥಾನದೊಳಗೆ ಬಂದವಳ ಹಾಗೆ ಸೆರಗು ಸರಿಮಾಡಿಕೊಂಡು ನಿಂತಳು.

"ನನ್ ಮಗ ಕೂತ್ಕತಿದ್ದಿದ್ದು ಯಾವ್ದಪ್ಪ?"

ಚೈತನ್ಯ ಮೂಲೆಯಲ್ಲಿದ್ದ ನಾಲ್ಕನೇ ಮಶೀನನ್ನು ತೋರಿಸಿದ. ಬೋರಮ್ಮ ಹೋಗಿ ಮಾನಿಟರಿನ ತಲೆ ಮುಟ್ಟಿ, ಆ ಬೆರಳನ್ನು ಕಣ್ಣಿಗೊತ್ತಿಕೊಂಡಳು. ಬೆರಳಿಗೆ ಧೂಳು ಹತ್ತಿತ್ತು. ಅದನ್ನು ಒರೆಸಿಕೊಳ್ಳಲಿಲ್ಲ.

"ಇದ್ನ ಒಂದಿನದ ಮಟ್ಗೆ ಮನೇಗ್ ತಂದ್ಕೊಡಪ್ಪ. ಮಾಲಯ ಅಮಾಸೆ ಬತ್ತಾ ಐತೆ. ಅವ್ನಿಗೆ ಇದು ಮೊದಲ್ನೇ ಎಡೆ."

ವಿರೂಪಾಕ್ಷಿಪುರದ ಕಡೆಯ ಒಕ್ಕಲು ಮನೆಗಳಲ್ಲಿ ಆ ಅಮಾವಾಸ್ಯೆಗೆ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಬದುಕಿದ್ದಾಗ ಏನೇನು ಇಷ್ಟವೋ ಅದೆಲ್ಲ ಬಾಳೆಲೆಯ ಮುಂದಕ್ಕೆ ಬರಬೇಕು: ಬಾಡಿನ ಸಾರು, ಮುದ್ದೆ, ಕಜ್ಜಾಯ, ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಅದೂ. ಇಟ್ಟು, ದೀಪ ಹಚ್ಚಿ, ಎಲ್ಲರೂ ಆಚೆ ಬಂದು ಬಾಗಿಲು ಮುಚ್ಚುತ್ತಾರೆ. ಒಸಿ ಹೊತ್ತು ಬಿಟ್ಟು, ಮನೆಯ ಯಜಮಾನ ಬಾಗಿಲ ಮುಂದೆ ಜೋರಾಗಿ ಕೆಮ್ಮಿ, ಆಮೇಲೆ ತೆಗೆಯುತ್ತಾನೆ. ಉಣ್ಣುತ್ತಾ ಕೂತವರು ಕೈ ತೊಳೆದು ಎದ್ದು ಹೋಗಲು ಅಷ್ಟು ಹೊತ್ತು ಬೇಕಲ್ಲ. ಕೆಮ್ಮದೆ ಒಳಗೆ ನುಗ್ಗಿದರೆ ಏನಾಗುತ್ತದೆ ಎಂದು ಯಾರೂ ಹೇಳುವುದಿಲ್ಲ; ಯಾರೂ ಹಾಗೆ ನುಗ್ಗಿದ್ದಿಲ್ಲ.

ಬೋರಮ್ಮನ ಮಗ ಮನುವಿಗೆ ಇಪ್ಪತ್ನಾಲ್ಕು. ಹಾರೋಹಳ್ಳಿಯ ಕಾರ್ಖಾನೆಯಲ್ಲಿ ವಾಚ್‌ಮನ್ ಶಿಫ್ಟು ಮುಗಿಸಿ ಬೈಕಿನಲ್ಲಿ ವಾಪಸು ಬರುವಾಗ ಸಾತನೂರು ರಸ್ತೆಯ ತಿರುವಿನಲ್ಲಿ ನಿದ್ದೆ ಹತ್ತಿತ್ತು. ಸತ್ತ ಮೇಲೆ ಇಪ್ಪತ್ನಾಲ್ಕರವನೂ ಹಿರಿಯನೇ.

"ಅವ್ನು ಬೀಡಿ ಮುಟ್ತಿರ್ನಿಲ್ಲ, ಎಣ್ಣೆ ಮುಟ್ತಿರ್ನಿಲ್ಲ. ಇದೊಂದೇ ಅಲ್ವೇನಪ್ಪ ಅವ್ನ್ಗೆ ಇದ್ದಿದ್ದು? ಅದ್ಯಾವ್ದೋ ಊರು ಕಾಯ್ತೀನಿ ಅಂತಿದ್ದ. ಆ ಊರ್ನ ತೆಗ್ದು ಇಟ್ಬುಡು, ಸಾಕು. ಬಂದು ನೋಡ್ಕಂಡ್ ಹೋಗ್ಲಿ."

ಚೈತನ್ಯ "ಆಯ್ತು ಕಣಮ್ಮ, ತರ್ತೀನಿ" ಎಂದ. ಬೇರೇನು ಹೇಳಲು ಬಾಯಿತ್ತು? ಆ ಊರು ಇರಲಿಲ್ಲ. ಅದನ್ನು ಸುಟ್ಟವನು ಅವನೇ.

ಬೆಂಗಳೂರಿನಿಂದ ಪೇಪರಿನಲ್ಲಿ ಸುತ್ತಿಕೊಂಡು ಬಂದಿದ್ದ ಡಿವಿಡಿಯ ಗೇಮು ಅದು. ಒಳಗೊಂದು ರಾಜ್ಯ, ಕಾಡು, ಕೋಟೆ, ಮಾತಾಡುವ ತೋಳ, ಎಲ್ಲಿ ಬೇಕಾದರೂ ಅಲೆಯಬಹುದು. ಎದುರು ಸಿಕ್ಕವರು ಏನಾದರೂ ಕೇಳುತ್ತಾರೆ, ಉತ್ತರಗಳ ಪಟ್ಟಿ ಬರುತ್ತದೆ, ಒಂದನ್ನು ಒತ್ತಬೇಕು. ಒತ್ತಿದ್ದನ್ನು ಆ ರಾಜ್ಯ ಮರೆಯುವುದಿಲ್ಲ. ದೊಡ್ಡ ನಿರ್ಧಾರವಾದರೆ ಹಳೆಯ ಆಟದ ಮೇಲೆಯೇ ಬರೆದುಬಿಡುತ್ತದೆ. ಹಿಂದಕ್ಕೆ ಹೋಗುವ ದಾರಿಯೇ ಇಲ್ಲ. ಇಂಗ್ಲಿಷು ಬಾರದ ಮನುವಿಗೆ ಚೈತನ್ಯನೇ ಪಕ್ಕದಲ್ಲಿ ಕೂತು ಹೇಳಿಕೊಟ್ಟಿದ್ದ.

ಬೇರೆ ಹುಡುಗರು ರಾಕ್ಷಸರನ್ನು ಕೊಲ್ಲಲು ಹೋದರು. ಮನು ಬೆಟ್ಟದ ಮೇಲಿನ ಹತ್ತು ಮನೆಯ ಊರೊಂದಕ್ಕೆ ಹೋಗಿ ಅಲ್ಲೇ ನಿಂತುಬಿಟ್ಟ. ಊರ ಮುಂದಿನ ಸೇತುವೆಯ ಮೇಲೆ ರಾಜನ ದೂತನೊಬ್ಬ ಕಾಯುತ್ತಿದ್ದ. ಊರು ತೆಗೆದು ಅಲ್ಲಿ ಕಬ್ಬಿಣ ಕಾಯಿಸುವ ಕುಲುಮೆ ಹಾಕಬೇಕು, ಒಪ್ಪಿಗೆ ಕೊಡು ಎನ್ನುತ್ತಿದ್ದ. ಉತ್ತರ ಮೂರು: ಆಗಲಿ, ಆಗುವುದಿಲ್ಲ, ನಾಳೆ ಹೇಳುತ್ತೇನೆ. ಆಗಲಿ ಎಂದರೆ ಊರಿಗೆ ಬೆಂಕಿ. ಆಗುವುದಿಲ್ಲ ಎಂದರೆ ದಂಡು ಬರುತ್ತದೆ. ಮೂರನೆಯದನ್ನು ಎಷ್ಟು ಸಲ ಬೇಕಾದರೂ ಒತ್ತಬಹುದು ಎಂದು ಕಂಡುಹಿಡಿದವನು ಮನು.

"ಏನ್ಲಾ, ಐದು ತಿಂಗ್ಳಿಂದ ಅದೇ ಊರಲ್ಲಿದ್ದೀಯ! ಗೇಮಲ್ಲೂ ವಾಚ್‌ಮನ್ ಕೆಲ್ಸಾನೇನ್ಲಾ?" ಎಂದು ಚೈತನ್ಯ ರೇಗಿಸುತ್ತಿದ್ದ.

"ಬುಡ್ಲಾ. ನಮ್ಮಪ್ಪ ಕಾರ್ಖಾನೆಗೆ ಹೊಲ ಅಳ್ಯಕ್ ಬರೋ ಸರ್ವೆಯೋರ್‌ಗೆ ಮೂರು ವರ್ಷದಿಂದ ನಾಳೆ ಹೇಳ್ತೀನಿ ಅಂತ್ಲೇ ಹೇಳ್ಕಂಡ್ ಬತ್ತಾವ್ನೆ. ಹೊಲ ಇನ್ನೂ ಐತೆ ತಾನೆ?"

ಹಾಗೆ ಹೇಳಿ ಬಾವಿಕಟ್ಟೆಯ ಮೇಲೆ ದೀಪ ಹಚ್ಚುತ್ತಿದ್ದ. ಗೇಮಿನಲ್ಲಿ ಅದಕ್ಕೆ ಯಾವ ಬಹುಮಾನವೂ ಇರಲಿಲ್ಲ. ಕಟ್ಟೆಯ ಮೇಲೆ ಮಡಕೆಗಳನ್ನು ಸಾಲಾಗಿ ಜೋಡಿಸುತ್ತಿದ್ದ, ಅದಕ್ಕೂ ಇರಲಿಲ್ಲ. ಬಾವಿಯ ಬಳಿ ಕೂರುತ್ತಿದ್ದ ಮುದುಕಿಯೊಬ್ಬಳು ದಿನಾ ಕೇಳುತ್ತಿದ್ದಳು: "ಇವತ್ತೂ ಇರ್ತೀಯಾ, ಮನು?" ಅವನು ಹೂಂ ಒತ್ತುತ್ತಿದ್ದ.

ಮನುವಿನ ತಿಥಿ ಮುಗಿದ ಮಾರನೆಯ ದಿನ ಚೈತನ್ಯ ಆ ಆಟವನ್ನು ತೆರೆದ. ದುಃಖವಿತ್ತು, ನಿಜ. ಆದರೆ ಅದರ ಪಕ್ಕದಲ್ಲೇ ಐದು ತಿಂಗಳ ಕುತೂಹಲವೂ ಕೂತಿತ್ತು. ಸೇತುವೆಯ ಮೇಲೆ ದೂತ ಕೇಳಿದ. ಚೈತನ್ಯ "ಆಗಲಿ" ಒತ್ತಿದ, ಏನಾಗುತ್ತದೋ ನೋಡೋಣ ಎಂದು. ಹತ್ತು ಮನೆ ಉರಿಯಲು ಮೂರು ನಿಮಿಷ ಹಿಡಿಯಿತು. ಬಾವಿಯ ಕಟ್ಟೆಯಿಂದ ಮಡಕೆಗಳು ಒಂದೊಂದಾಗಿ ಬಿದ್ದು ಒಡೆದವು. ಆಮೇಲೆ ಆ ರಾಜ್ಯದಲ್ಲಿ ಎಲ್ಲಿ ಹೋದರೂ, ಸಂತೆಯಲ್ಲಿ, ಹೊಳೆಯ ದಂಡೆಯಲ್ಲಿ, ಎದುರಾದವರು ನಿಂತು ಒಂದೇ ಮಾತು ಹೇಳತೊಡಗಿದರು: "ಕತ್ತಲಾಯಿತು, ಮನು. ದೀಪ ಹಚ್ಚಲಿಲ್ಲವೇ?" ಚೈತನ್ಯ ಮಶೀನು ಆರಿಸಿದ. ನಾಲ್ಕನೆಯದರ ಮೇಲೆ "ರಿಪೇರಿ" ಎಂದು ಚೀಟಿ ಅಂಟಿಸಿದ. ಬೋರಮ್ಮ ಬರುವವರೆಗೂ ಅದನ್ನು ಯಾರೂ ಮುಟ್ಟಿರಲಿಲ್ಲ.

ಈಗ ಅಮಾವಾಸ್ಯೆಗೆ ಒಂಬತ್ತು ದಿನವಿತ್ತು. ಸುಟ್ಟದ್ದನ್ನು ಸರಿಮಾಡಲಾಗದು; ಆದರೆ ಅಂಥದೇ ಇನ್ನೊಂದನ್ನು ಮಾಡಿ ತೋರಿಸಬಹುದಲ್ಲ? ಚೈತನ್ಯ ಹೊಸದಾಗಿ ಆಟ ಶುರು ಮಾಡಿದ. ಮನು ಎಂದೇ ಹೆಸರಿಟ್ಟ. ಅದೇ ಕಾಡು ದಾಟಿ, ಮನು ಹಿಡಿದಿದ್ದಂಥದೇ ಕರಿ ಕುದುರೆ ಹಿಡಿದು, ಅದಕ್ಕೆ ಅವನಿಟ್ಟಿದ್ದ ಬಸವ ಎಂಬ ಹೆಸರನ್ನೇ ಕೊಟ್ಟು, ಅದೇ ಊರು ಸೇರಿದ. ದೂತನಿಗೆ ನಾಳೆ ಎಂದ. ದೀಪ ಹಚ್ಚಿದ. ಮಡಕೆ ಜೋಡಿಸುವಾಗ ಮಾತ್ರ ಸಿಕ್ಕಿಬಿದ್ದ. ಏಳಿದ್ದವೋ, ಎಂಟೋ? ನೆನಪಾಗಲಿಲ್ಲ. ಎಂಟಿಟ್ಟ.

ಕೆಳಗಿನ ಅಂಗಡಿಯಲ್ಲಿ ಮರದ ಬೊಂಬೆಗೆ ಅರಗಿನ ಬಣ್ಣ ಹಿಡಿಸುವ ಗಫಾರ್ ಸಾಹೇಬರು ಟೀ ಕುಡಿಯಲು ಮೇಲೆ ಬಂದವರು ಹಿಂದೆ ನಿಂತು ನೋಡಿದರು.

"ಚೆನ್ನಾಗೈತೆ. ಆದ್ರೆ ನೋಡಿದ ತಕ್ಷಣ ಗೊತ್ತಾಗುತ್ತೆ ಭಾಯ್, ಇದು ಬೇರೆ ಕೈ ಮಾಡಿದ್ದು."

"ಆಟ ಆಡದೇ ಇರೋ ನಿಮಗೆ ಹೆಂಗೆ ಗೊತ್ತಾಗುತ್ತೆ, ಸಾಹೇಬ್ರೆ?"

"ಬೊಂಬೆ ಮಾಡ್ತೀನಲ್ಲ" ಎಂದು ಅವರು ಕೆಳಗಿಳಿದರು.

ಅಮಾವಾಸ್ಯೆಯ ಮಧ್ಯಾಹ್ನ ಮಶೀನು, ಯುಪಿಎಸ್ಸು ಎಲ್ಲ ಆಟೋದಲ್ಲಿ ಊರು ತಲುಪಿದವು. ಮನುವಿನ ಅಪ್ಪ ಮುನಿಯಪ್ಪ ಜಗಲಿಯಲ್ಲಿ ಕೂತು, ಹೆಣ್ಣು ನೋಡಲು ಬಂದವರನ್ನು ನೋಡುವ ಹಾಗೆ ಅದನ್ನು ನೋಡಿದ.

"ಪೆಟ್ಗೆಗೆ ಎಡೆ ಇಕ್ಕೋದ್ನ ನಾನು ಏಳೂರಲ್ಲಿ ಕಂಡಿಲ್ಲ."

ಬೋರಮ್ಮ ಒಳಗಿನಿಂದಲೇ ಅಂದಳು: "ನಿಮ್ಮಪ್ಪನ ಎಡೆಗೆ ಬ್ರಾಂದಿ ಇಕ್ಕುವಾಗ ಬಾಟ್ಲಿಗೆ ಇಕ್ಕಿದ್ವಾ, ನಿಮ್ಮಪ್ಪನಿಗೆ ಇಕ್ಕಿದ್ವಾ?"

ಮುನಿಯಪ್ಪ ಎಲೆಯಡಿಕೆ ಚೀಲಕ್ಕೆ ಕೈ ಹಾಕಿದ.

ನಡುಮನೆಯಲ್ಲಿ ಗೋಡೆಗೆ ಮನುವಿನ ಫೋಟೋ, ಅದರ ಮುಂದೆ ಹೊಸ ಶರ್ಟು, ಬಾಳೆಲೆ, ಬಾಡಿನ ಸಾರು, ಮುದ್ದೆ. ಎಲೆಯ ಆಚೆ ಕಾಲುಮಣೆಯ ಮೇಲೆ ಮಾನಿಟರು. ಮಶೀನಿನಲ್ಲಿ ಉಳಿಸಿಟ್ಟ ಆಟಗಳು ಎರಡಿದ್ದವು, ಪಟ್ಟಿಯಲ್ಲಿ ಮೇಲೆ ಕೆಳಗೆ: ಸುಟ್ಟದ್ದು, ಸುಡದೆ ಇದ್ದದ್ದು. ಎರಡಕ್ಕೂ ಮನು ಎಂದೇ ಹೆಸರು. ಚೈತನ್ಯ ಸುಡದೆ ಇದ್ದದ್ದನ್ನು ತೆರೆದ. ಬೆಟ್ಟದ ಊರು ಸಂಜೆ ಬೆಳಕಿನಲ್ಲಿ ಮೂಡಿತು. ಬಾವಿ, ದೀಪ, ಮುದುಕಿ, ಎಂಟು ಮಡಕೆ. ಬೋರಮ್ಮ ಮುಂದಕ್ಕೆ ಬಾಗಿ ನೋಡಿದಳು.

"ಇದೇನಪ್ಪ ಅವ್ನ ಊರು?"

"ಇದೇ ಕಣಮ್ಮ" ಎಂದ. ಫೋಟೋದ ಕಡೆ ನೋಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮೂವರೂ ಆಚೆ ಬಂದು ಬಾಗಿಲು ಮುಂದೆ ಮಾಡಿಕೊಂಡು ಜಗಲಿಯಲ್ಲಿ ಕೂತರು. ಒಳಗಿನಿಂದ ಗೇಮಿನ ಗಾಳಿಯ ಸದ್ದು ಸಣ್ಣಗೆ ಬರುತ್ತಿತ್ತು. ನಿಂತಲ್ಲೇ ಇರಬೇಕಾದ ಆಟ ಅದು, ಆಡುವವರಿಲ್ಲ. ಸ್ವಲ್ಪ ಹೊತ್ತಿಗೆ ಕುದುರೆಯ ಗೊರಸಿನ ಸದ್ದು ಕೇಳಿತು. ಆಮೇಲೆ ಬೂದಿಯ ಮೇಲೆ ನಡೆವ ಹೆಜ್ಜೆಯ ಚರಚರ. ಚೈತನ್ಯನಿಗೆ ಆ ಸದ್ದು ಗೊತ್ತಿತ್ತು. ಆ ರಾಜ್ಯದಲ್ಲಿ ಬೂದಿ ಇದ್ದದ್ದು ಒಂದೇ ಊರಿನಲ್ಲಿ, ಮತ್ತು ಆ ಊರು ಇದ್ದದ್ದು ಇನ್ನೊಂದು ಆಟದಲ್ಲಿ.

ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ಸು ಬೀಪ್, ಬೀಪ್ ಎಂದು ಬಡಿದುಕೊಳ್ಳತೊಡಗಿತು. ಹಳೇ ಬ್ಯಾಟರಿ, ಎರಡು ನಿಮಿಷ ನಿಂತರೆ ಹೆಚ್ಚು. ಚೈತನ್ಯ ಎದ್ದವನೇ ಬಾಗಿಲು ತಳ್ಳಿ ಒಳಗೆ ನುಗ್ಗಿದ.

ಕೆಮ್ಮಲಿಲ್ಲ.

ಮಾನಿಟರಿನಲ್ಲಿ ಇದ್ದದ್ದು ಸುಟ್ಟ ಊರು. ಕರಕಲು ತೊಲೆ, ಬಿದ್ದ ಗೋಡೆ, ಬೂದಿ. ನಡುವೆ ಬಾವಿಯ ಕಟ್ಟೆ, ಅದರ ಮೇಲೆ ಉರಿಯುತ್ತಿದ್ದ ದೀಪ. ದೀಪದ ಪಕ್ಕ ಒಡೆಯದ ಮಡಕೆಗಳ ಸಾಲು. ಅವನ ಕಣ್ಣು ತಾನಾಗಿ ಎಣಿಸಿತು. ಏಳು. ಹಾಗಾದರೆ ಏಳೇ ಇದ್ದದ್ದು.

ಬೆಕ್ಕೇನಾದರೂ ಕೀಬೋರ್ಡಿನ ಮೇಲೆ ಓಡಾಡಿತೇ ಎಂದು ಅವನ ಬುದ್ಧಿ ಒಂದು ಕ್ಷಣ ತಡಕಾಡಿತು. ಬೆಕ್ಕಾಗಿದ್ದರೆ ಮೊದಲು ಬಾಡಿನ ಸಾರಿಗೆ ಬಾಯಿ ಹಾಕುತ್ತಿತ್ತು. ಎಲೆ ಇಟ್ಟ ಹಾಗೇ ಇತ್ತು.

ಬೋರಮ್ಮ ಹಿಂದೆ ಬಂದು ನಿಂತಿದ್ದಳು. "ಇದ್ಯಾಕಪ್ಪ, ಊರು ಹಿಂಗಾಗೈತೆ? ಆ ಮುದ್ಕಿ ಏನೋ ಕೇಳ್ತಾವ್ಳೆ. ಏನಂತೆ?"

ಮುದುಕಿ ಬೂದಿಯಲ್ಲಿ ನಿಂತು ಇತ್ತಲೇ ನೋಡುತ್ತಿದ್ದಳು. ಕೆಳಗೆ ಅವಳ ಮಾತು, ಅದರ ಕೆಳಗೆ ಎರಡು ಉತ್ತರ. ಚೈತನ್ಯ ಎಷ್ಟೋ ಸಲ ಮನುವಿಗೆ ಓದಿ ಹೇಳಿದ್ದ ಹಾಗೆಯೇ ಓದಿ ಹೇಳಿದ.

"ನಮ್ಮೂರನ್ನ ಕೊಟ್ಟೋನು ನೀನೇನಾ ಮನು, ಅಂತ ಕೇಳ್ತಾಳೆ. ಹೌದು ಅನ್ನಬೇಕು, ಇಲ್ಲಾಂದ್ರೆ ಅಲ್ಲ ಅನ್ನಬೇಕು."

"ನನ್ ಮಗ ಅಂಥೋನಲ್ಲ. ಅಲ್ಲ ಅಂತ ಒತ್ತಪ್ಪ."

ಒತ್ತಿದ. ಮುದುಕಿ ತಲೆಯಾಡಿಸಿದಳು. ಹೊಸ ಸಾಲು ಮೂಡಿತು. ಅದರ ಕೆಳಗೆ ಉತ್ತರಗಳೇ ಇರಲಿಲ್ಲ. ಅವನು ಅದನ್ನು ಓದಿದ ಹಿಂದೆಯೇ ಯುಪಿಎಸ್ಸು ಉದ್ದಕ್ಕೊಂದು ಸಲ ಕೂಗಿ ಸತ್ತುಹೋಯಿತು. ನಡುಮನೆಯಲ್ಲಿ ಎಡೆಯ ಮುಂದಿನ ಎಣ್ಣೆ ದೀಪವೊಂದೇ ಉಳಿಯಿತು.

ಕತ್ತಲಲ್ಲಿ ಬೋರಮ್ಮ ಕೇಳಿದಳು. "ಕೊನೇಗೇನಂದ್ಳು?"

"ಹಂಗಾದ್ರೆ ಯಾರು, ಅಂದ್ಳು."

"ಯಾರಪ್ಪ?"

ನಾಳೆ ಹೇಳುತ್ತೇನೆ ಎನ್ನಬಹುದಿತ್ತು. ನಾಲಗೆಯ ತುದಿಗೂ ಬಂತು. ಆದರೆ ಆ ಉತ್ತರ ಮನುವಿನದು. ಅದನ್ನೂ ಕದಿಯಲು ಮನಸ್ಸಾಗಲಿಲ್ಲ.

"ನಾನು ಕಣಮ್ಮ. ಅವನ ತಿಥಿ ಆದ ಮಾರನೇ ದಿನ. ಮೊದ್ಲು ತೋರ್ಸಿದ್ದು ಅವನ ಊರಲ್ಲ, ನಾನು ಮಾಡಿದ್ದು."

"ಯಾಕೆ?"

"ಏನಾಗುತ್ತೆ ಅಂತ ನೋಡಕ್ಕೆ."

ಬಾಗಿಲಲ್ಲಿ ಮುನಿಯಪ್ಪನ ದನಿ ಬಂತು, ಮೆಲ್ಲಗೆ, ಹೆದರಿದವನ ಹಾಗೆ: "ಲೇ, ಬಾಗ್ಲು ತೆಗೆಯೋಕ್ ಮುಂಚೆ ಯಾರಾದ್ರೂ ಕೆಮ್ಮುದ್ರೇನ್ಲಾ?"

ಚೈತನ್ಯ ಇಲ್ಲವೆಂದು ತಲೆಯಾಡಿಸಿದ. ಗಾಳಿಯಿಲ್ಲದ ನಡುಮನೆಯಲ್ಲಿ ದೀಪ ಒಂದು ಕಡೆಗೆ ವಾಲಿ, ಮತ್ತೆ ನೆಟ್ಟಗಾಯಿತು.

"ಹಂಗಾದ್ರೆ ಅವ್ನು ಎದ್ ಹೋಗಿಲ್ಲ" ಎಂದಳು ಬೋರಮ್ಮ. ದನಿಯಲ್ಲಿ ಅಳುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಅದೇ ಚೈತನ್ಯನನ್ನು ಹೆಚ್ಚು ಹೆದರಿಸಿತು. "ನಾಳೆ ಪೆಟ್ಗೆ ತಗಂಡ್ ಹೋಗು. ಅವ್ನೂ ಬತ್ತಾನೆ. ಸುಟ್ಟೋನು ನೀನು, ಕಟ್ಕೊಡೋನೂ ನೀನೇ."

"ಆ ಗೇಮಲ್ಲಿ ಸುಟ್ಟಿದ್ದನ್ನ ಕಟ್ಟಕ್ಕೆ ಬರಲ್ಲ ಕಣಮ್ಮ. ಅಂಥ ದಾರಿನೇ ಇಟ್ಟಿಲ್ಲ."

"ನಂಗೇನ್ ಗೊತ್ತಾಯ್ತದಪ್ಪ? ಅವ್ನಿದ್ದಾನಲ್ಲ, ಅವ್ನನ್ನೇ ಕೇಳ್ಕೊ" ಎಂದು ಅವಳು ಎಡೆಯ ಎಲೆ ಎತ್ತಿದಳು. ಆ ದಿನ ಚೈತನ್ಯನಿಗೂ ಬಡಿಸಿದಳು. ಉಪ್ಪು ಬೇಕೇ ಎಂದೂ ಕೇಳಿದಳು. ಅವನು ತಲೆಯೆತ್ತದೆ ಉಂಡ.

ನಾಲ್ಕನೇ ಮಶೀನು ಮತ್ತೆ ಮೂಲೆ ಸೇರಿದೆ. ರಿಪೇರಿಯ ಚೀಟಿ ಇನ್ನೂ ಇದೆ. ಎಂಟು ಮಡಕೆಯ ಆಟವನ್ನು ಚೈತನ್ಯ ಅಳಿಸಿಹಾಕಿದ್ದಾನೆ. ದಿನಾ ಸಂಜೆ ಹೆದ್ದಾರಿಯ ಅಂಗಡಿಗಳಲ್ಲಿ ಲೈಟು ಬೀಳುವ ಹೊತ್ತಿಗೆ ಅವನು ಆ ಮಶೀನಿನ ಹತ್ತಿರ ಹೋಗಿ, ಜೋರಾಗಿ ಒಂದು ಸಲ ಕೆಮ್ಮಿ, ಹತ್ತು ಎಣಿಸಿ, ಆಮೇಲೆ ಕುರ್ಚಿ ಎಳೆದುಕೊಳ್ಳುತ್ತಾನೆ. ಸುಟ್ಟ ಊರಿನಲ್ಲಿ ಬೂದಿ ದಾಟಿ ಬಾವಿಗೆ ಹೋಗುತ್ತಾನೆ. ದೀಪ ಹಚ್ಚಲು ಅವನಿಗೆ ಇದುವರೆಗೂ ಸಿಕ್ಕಿಲ್ಲ, ಹೋಗುವಷ್ಟರಲ್ಲಿ ಹಚ್ಚಿರುತ್ತದೆ.

ಮೊನ್ನೆ ಕಟ್ಟೆಯ ಮೇಲೆ ಎಂಟು ಮಡಕೆ ಇದ್ದವು. ಎರಡು ಸಲ ಎಣಿಸಿದ. ಎಂಟನೆಯದನ್ನು ಅವನಿಟ್ಟಿರಲಿಲ್ಲ.

ಕೆಳಗಿನಿಂದ ಗಫಾರ್ ಸಾಹೇಬರು ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು. "ಏನ್ ಭಾಯ್, ತಿಂಗಳಿಂದ ಅದೇ ಕೆಮ್ಮು. ಡಾಕ್ಟ್ರಿಗೆ ತೋರಿಸಬಾರ್ದಾ?"

ಪರದೆಯಿಂದ ಕಣ್ಣು ತೆಗೆಯದೆ ಚೈತನ್ಯ ಹೇಳಿದ:

"ನಾಳೆ ತೋರಿಸ್ತೀನಿ, ಸಾಹೇಬ್ರೆ."