ದಾರದ ಡಬ್ಬಿ

ಚಿನ್ನಮ್ಮ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು ನಕ್ಕರು.

“ಏನವ್ವ ರಂಜಿನಿ, ಅಸಿರು ಸೀರೆಗೆ ಕೆಂಪು ದಾರದಲ್ಲಿ ಫಾಲ್ಸ್ ಒಲ್ದಿದ್ದೀಯಲ್ಲ! ಬಾಳೆ ಎಲೆ ಮ್ಯಾಲೆ ಕುಂಕುಮ ಚೆಲ್ದಂಗದೆ.”

ರಂಜಿನಿಗೆ ಎರಡೂ ಒಂದೇ ಮಂಕು ಬಣ್ಣವಾಗಿ ಕಾಣುತ್ತಿದ್ದವು.

“ಬಿಚ್ಚಿ ಒಲ್ಕೊಡ್ತೀನಿ, ನಾಳಿದ್ದು ಬನ್ನಿ.”

ಅವರು ಹೋದ ಮೇಲೆ ದಾರದ ಡಬ್ಬಿ ತೆರೆದಳು. ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಇರಬೇಕಿತ್ತು. ಕೆಲವು ವಾರಗಳಿಂದ ಅವಳು ಬಣ್ಣ ನೋಡುತ್ತಿರಲಿಲ್ಲ. ಜಾಗ ನೆನಪಿಟ್ಟು ರೀಲು ತೆಗೆಯುತ್ತಿದ್ದಳು.

“ಕವನ, ಡಬ್ಬಿ ಮುಟ್ಟಿದ್ಯಾ?”

“ಬಿದ್ದೋಗಿತ್ತು ಅತ್ತಿಗೆ, ರೀಲೆಲ್ಲ ಎತ್ತಿಟ್ಟೆ.” ನಾದಿನಿ ಹತ್ತಿರ ಬಂದಳು. “ಯಾಕೆ, ಬಣ್ಣ ಗೊತ್ತಾಯ್ತಿಲ್ವಾ?”

ಟಿಬಿ ಚಿಕಿತ್ಸೆ ಶುರುವಾದಾಗ ಆಸ್ಪತ್ರೆಯಲ್ಲಿ ಎರಡು ಮಾತು ಹೇಳಿದ್ದರು: ಕಣ್ಣು ಮಂಜಾದರೆ, ಬಣ್ಣ ಬದಲಾಗಿ ಕಂಡರೆ ತಕ್ಷಣ ತಿಳಿಸಿ; ಮಾತ್ರೆ ಮಾತ್ರ ಬಿಡಬೇಡಿ. ರಂಜಿನಿ ಎರಡನೆಯದನ್ನಷ್ಟೇ ಹಿಡಿದುಕೊಂಡಿದ್ದಳು. ಹದಿನಾರು ಎಂಬ ಊರಿನಲ್ಲಿದ್ದ ಅವಳ ಅಣ್ಣ ಪುಟ್ಟರಾಜು ವಾಂತಿ ತಾಳಲಾರದೆ ಇದೇ ಟಿಬಿ ಮಾತ್ರೆ ಬಿಟ್ಟಿದ್ದ. ಉಳಿಯಲಿಲ್ಲ. ಆಶಾ ಕಾರ್ಯಕರ್ತೆ ಬಂದು ಕಣ್ಣಿನ ಬಗ್ಗೆ ಕೇಳಿದಾಗಲೆಲ್ಲ ಇವಳದು ಒಂದೇ ಉತ್ತರ: “ಚೆನ್ನಾಗವೆ ಅಕ್ಕ.”

“ಆಸ್ಪತ್ರೇಲಿ ಏಳುದ್ರೆ ಮಾತ್ರೆ ನಿಲ್ಸ್ಬುಡ್ತಾರೆ ಕಣೆ. ನಮ್ಮಣ್ಣ ಏನಾದ ನೋಡ್ದಲ್ಲ?”

“ಕಣ್ಣೇ ಓಗ್ಬುಟ್ರೆ ಏನ್ ಒಲೀತೀಯ? ಏಳು, ಚಪ್ಲಿ ಆಕ್ಕೊ.”

ತಿ. ನರಸೀಪುರದ ಆಸ್ಪತ್ರೆಯಲ್ಲಿ ವೈದ್ಯರು ಬಣ್ಣದ ಚುಕ್ಕಿಗಳ ಪಟ ಹಿಡಿದರು. ಚುಕ್ಕಿಗಳ ನಡುವಿನ ಅಂಕಿ ಅವಳಿಗೆ ಕಾಣಲಿಲ್ಲ.

“ನೀವು ತಗೊಳೋ ಮಾತ್ರೆಯಲ್ಲಿ ಮೂರು ಔಷಧಿ ಸೇರಿವೆ. ಎಥಾಂಬುಟಾಲ್ ಅನ್ನೋದು ಕಣ್ಣಿನ ನರಕ್ಕೆ ತೊಂದರೆ ಮಾಡಿರೋ ಹಾಗಿದೆ. ಅದೊಂದನ್ನ ಇವತ್ತೇ ನಿಲ್ಲಿಸ್ತೀವಿ. ಮಿಕ್ಕಿದ್ದನ್ನ ಬೇರೆಯಾಗಿ ಕೊಡ್ತೀವಿ, ಬಿಡೋ ಹಾಗಿಲ್ಲ.”

“ಕಣ್ಣು ಮೊದ್ಲಿನಂಗೆ ಆಯ್ತದಾ ಸಾ?”

“ಹೆಚ್ಚಿನವರಿಗೆ ನಿಧಾನಕ್ಕೆ ಸರಿಹೋಗುತ್ತೆ. ಪೂರ್ತಿ ಸರಿಹೋಗುತ್ತೆ ಅಂತ ಮಾತು ಕೊಡಲಾರೆ. ನಾಳೆನೇ ಮೈಸೂರಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿ.” ಚೀಟಿ ಬರೆದುಕೊಡುತ್ತಾ ಹೇಳಿದರು: “ಇನ್ನೂ ಮುಂಚೆ ಬರಬೇಕಿತ್ತಮ್ಮ.”

ಮೈಸೂರಿಗೆ ಹೋಗಿಬಂದ ಮಾರನೆಯ ದಿನ, ಹೇಳಿದಂತೆ, ಚಿನ್ನಮ್ಮ ಬಂದರು. ಹಳೆಯ ದಾರ ಬಿಚ್ಚಿದ್ದ ಸೀರೆ ಹಾಗೇ ಮಡಚಿಟ್ಟಿತ್ತು. ರಂಜಿನಿ ಡಬ್ಬಿಯನ್ನು ಅವರ ಮುಂದೆ ಸರಿಸಿದಳು.

“ದಾರ ನೀವೇ ತಗ್ದುಕೊಡಿ. ಟಿಬಿ ಮಾತ್ರೆ ತಗೊತಿದ್ದೀನಿ, ಅದ್ರಿಂದ ಬಣ್ಣ ಗೊತ್ತಾಯ್ತಿಲ್ಲ.”

ಈ ಬಾರಿ ಚಿನ್ನಮ್ಮ ನಗಲಿಲ್ಲ. ಒಂದು ರೀಲನ್ನು ಸೀರೆಯ ಅಂಚಿಗೆ ಹಿಡಿದು ನೋಡಿದರು, ವಾಪಸಿಟ್ಟರು. ಇನ್ನೊಂದನ್ನು ತೆಗೆದು ಅವಳ ಅಂಗೈಗೆ ಹಾಕಿದರು.

“ಸೂಜಿನೂ ಕೊಡವ್ವ, ಪೋಣ್ಸಿಕೊಡ್ತೀನಿ.”

“ಬುಡಿ, ಅದು ಕಾಣ್ತದೆ,” ಎಂದ ರಂಜಿನಿ ದಾರದ ತುದಿಯನ್ನು ತುಟಿಯಲ್ಲಿ ನೆನೆಸಿಕೊಂಡು ಬಾಗಿಲ ಕಡೆಗೆ ತಿರುಗಿದಳು.